ಮೊದಲು ಕಸೂತಿ, ಆಮೇಲೆ ಕತ್ತರಿ

ನಮ್ಮೂರು ಶೆಟ್ಟಿಕೆರೆಯಲ್ಲಿ ಈಗ ಮದುವೆ ನಿಶ್ಚಯವಾದ ಮನೆಯವರು ಛತ್ರ ಗೊತ್ತು ಮಾಡಿದ ವಾರದಲ್ಲೇ ಬ್ಲೌಸಿನ ಕೆಲಸವನ್ನೂ ಗೊತ್ತು ಮಾಡುತ್ತಾರೆ. ಆರಿ ವರ್ಕ್ ಆಗಬೇಕು, ತೋಳಿನ ತುಂಬ ಜರಿ ಬರಬೇಕು, ಬೆನ್ನಿಗೆ ಕಲ್ಲು ಕೂರಿಸಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಲ್ಲಿಗೆ ಹೋದರೂ ಆರಿ ವರ್ಕ್ ಕಲಿಸುತ್ತೇವೆ ಎನ್ನುವ ಫಲಕ ಕಣ್ಣಿಗೆ ಬೀಳುತ್ತದೆ. ಕೈಕಸೂತಿಗೆ ಕಾಲ ಮುಗಿಯಿತು ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಕೈಕೆಲಸ ಬೇಕೆನ್ನುವ ಹೆಣ್ಣುಮಕ್ಕಳು ಇದ್ದಾರೆ, ಅದಕ್ಕೆ ದುಡ್ಡು ಕೊಡುವವರೂ ಇದ್ದಾರೆ. ನನ್ನ ಕೊರಗು ಬೇರೆ. ಅಷ್ಟು ಕಷ್ಟಪಟ್ಟು ಹೊಲಿದ ಬ್ಲೌಸು ಧಾರೆಯ ದಿನ ಒಮ್ಮೆ ಮೈಮೇಲೆ ಬಂದು ಬೀರು ಸೇರಿಬಿಡುತ್ತದೆ. ಬ್ಯಾಂಕಿಗೆ ಹೋಗುವಾಗ, ಶಾಲೆಗೆ ಪಾಠ ಹೇಳಲು ಹೋಗುವಾಗ, ನೂಕುನುಗ್ಗಲಿನ ಬಸ್ಸು ಹತ್ತುವಾಗ ಹಾಕಿಕೊಳ್ಳುವ ಬಟ್ಟೆಯ ಮೇಲೆ ನಮ್ಮ ನಾಡಿನ ಸೂಜಿಕೆಲಸ ಯಾಕಿರಬಾರದು?

ನಾನು ಬಟ್ಟೆ ವಿನ್ಯಾಸ ಮಾಡುವವಳು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಸ್ಯಾಂಪಲ್ ಟೈಲರ್ ಆಗಿದ್ದಾಗ ಪ್ಯಾಟರ್ನ್ ತೆಗೆಯುವುದನ್ನೂ ಅಳತೆ ಹಿಗ್ಗಿಸಿ ಕುಗ್ಗಿಸುವುದನ್ನೂ ಕಲಿತೆ. ಕಸೂತಿ ಕಲಿಸಿದವರು ಧಾರವಾಡಕ್ಕೆ ಕೊಟ್ಟಿದ್ದ ನನ್ನ ಚಿಕ್ಕಮ್ಮ. ಈಗ ಊರಿನಲ್ಲೇ, ಮನೆಯ ಮುಂದಿನ ಕೋಣೆಯಲ್ಲಿ, ಅಕ್ಕಪಕ್ಕದ ಹಳ್ಳಿಗಳ ಹೆಣ್ಣುಮಕ್ಕಳ ಜೊತೆ ಸೇರಿ ಕುರ್ತಾ, ಮೇಲಂಗಿ, ದುಪಟ್ಟಾ ಮಾಡುತ್ತೇನೆ. ಕಾರ್ಖಾನೆ ಕಲಿಸಿದ್ದು ಮತ್ತು ಚಿಕ್ಕಮ್ಮ ಕಲಿಸಿದ್ದು ಒಂದಕ್ಕೊಂದು ಹೊಂದುವುದು ಸುಲಭವಿರಲಿಲ್ಲ. ಕಾರ್ಖಾನೆಯಲ್ಲಿ ಅಂಗಿ ಮೊದಲು, ಅಲಂಕಾರ ಕೊನೆಗೆ. ಕಸೂತಿಯಲ್ಲಿ ಅದು ನಡೆಯುವುದಿಲ್ಲ. ಯಾಕೆ ನಡೆಯುವುದಿಲ್ಲ ಎಂಬುದನ್ನು ವಿವರವಾಗಿ ಹೇಳಬೇಕು, ಈ ಕಸುಬಿನ ಜೀವ ಇರುವುದೇ ಅಲ್ಲಿ.

ಧಾರವಾಡ ಸೀಮೆಯ ಕಸೂತಿಗೆ ಪೆನ್ಸಿಲ್ ಗುರುತಿಲ್ಲ, ಅಚ್ಚಿಲ್ಲ, ಗಂಟಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಕೊಂಡು ಸೂಜಿ ಹಾಕಬೇಕು. ಹೊಲಿಗೆಗಳು ನಾಲ್ಕು. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಎಂದು ಮುಂದೆ ಹೋಗುತ್ತದೆ. ಹೋದ ದಾರಿಯಲ್ಲೇ ಹಿಂದಿರುಗಿ, ಬಿಟ್ಟುಹೋದ ಜಾಗಗಳನ್ನು ತುಂಬಿಕೊಂಡು ಬರುತ್ತದೆ. ಮುರ್ಗಿಯೂ ಅದೇ ಜಾಡು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಯ್ಗಿಯಲ್ಲಿ ದಾರ ಉದ್ದುದ್ದ ಓಡಿ, ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತಿ ಎಂದರೆ ಅಡ್ಡಹೊಲಿಗೆ, ಮೆಂತ್ಯದ ಕಾಳು ಹರಡಿದ ಹಾಗೆ ಒತ್ತಾಗಿ ಜಾಗ ತುಂಬುತ್ತದೆ. ಈ ನಾಲ್ಕರಲ್ಲೇ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ, ನಂದಿ, ನವಿಲು, ಗಿಳಿ ಎಲ್ಲವೂ ಮೂಡುತ್ತವೆ. ಇಳಕಲ್ ಸೀರೆಯ ಸೆರಗಿನ ಮೇಲೆ, ಮದುವಣಗಿತ್ತಿಯ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ, ಕುಪ್ಪಸದ ಮೇಲೆ ಇವು ತಲೆಮಾರುಗಳಿಂದ ಬಂದಿವೆ.

ಗವಂತಿ, ಮುರ್ಗಿಗಳ ವಿಶೇಷವೆಂದರೆ ಬಟ್ಟೆಯ ಮುಂಭಾಗವೂ ಹಿಂಭಾಗವೂ ಒಂದೇ ಆಗಿ ಕಾಣುವುದು. ಇದರ ಹಿಂದೆ ಒಂದು ಗಣಿತವಿದೆ. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ, ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಸುತ್ತಿ ಬರುವುದು ಸಾಧ್ಯವಿಲ್ಲ ಎಂದು ತೋರಿಸಿದ. ಪ್ರತಿ ಸೇತುವೆಯನ್ನೂ ಎರಡೆರಡು ಸಲ ದಾಟಬಹುದು ಎಂದಾದರೆ ಲೆಕ್ಕ ಬೇರೆ. ಹೊರಟ ಜಾಗಕ್ಕೇ ಮರಳುವ ದಾರಿ ಆಗ ಯಾವಾಗಲೂ ಸಿಗುತ್ತದೆ. ಗವಂತಿ ಮಾಡುವುದು ಇದನ್ನೇ. ಪ್ರತಿ ಗೆರೆಯ ಮೇಲೂ ಸೂಜಿ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಡೆಯುತ್ತದೆ. ಹಾಗಾಗಿ ಎಲ್ಲಿಯೂ ಕಡಿಯದೆ ಒಂದಕ್ಕೊಂದು ಕೂಡಿಕೊಂಡ ಗೆರೆಗಳ ಚಿತ್ತಾರವಾದರೆ ಶುರು ಮಾಡಿದಲ್ಲಿಗೇ ಬಂದು ನಿಲ್ಲಬಹುದು. ಕವಲುಗಳಲ್ಲಿ ಯಾವ ಕಡೆ ಮೊದಲು ತಿರುಗಬೇಕು ಎಂಬುದನ್ನು ಮಾತ್ರ ಮುಂಚೆಯೇ ಯೋಚಿಸಿಕೊಂಡಿರಬೇಕು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರು ಈ ಯೋಚನೆಯನ್ನು ಸೆರಗಿನ ಉದ್ದಕ್ಕೂ ತಲೆಯಲ್ಲೇ ಇಟ್ಟುಕೊಂಡು ಹೊಲಿದಿದ್ದಾರೆ. ಅವರ ಬುದ್ಧಿವಂತಿಕೆಗೆ ಕೈಮುಗಿಯಬೇಕು.

ಇದೇ ಹೊಲಿಗೆಯನ್ನು ಯುರೋಪಿನಲ್ಲಿ ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಆಸ್ಥಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಈ ಕೆಲಸ ಎಳೆ ಎಳೆಯಾಗಿ ಕಾಣುವುದರಿಂದ ಆ ಹೆಸರು. ರಾಣಿ ಜೇನ್ ಸೀಮೋರ್‌ಳ ಚಿತ್ರದಲ್ಲಿ ಅವಳ ಮುಂಗೈಯ ಬಿಳಿ ಪಟ್ಟಿಯನ್ನು ನೋಡಿ: ಕಪ್ಪು ದಾರದ ಗೆರೆಕೆಲಸ. ಅದು ಮುಂಗೈಗೇ ಯಾಕೆ ಬಂತು? ಅಲ್ಲಿ ಬಟ್ಟೆಯ ಎರಡೂ ಮಗ್ಗುಲು ಕಾಣುತ್ತವೆ. ನಮ್ಮ ಹೆಂಗಸರು ಸೆರಗಿಗೆ ಕಸೂತಿ ಹಾಕಿದ್ದಕ್ಕೂ ಅದೇ ಕಾರಣ ಹೊಂದುತ್ತದೆ. ಹೆಗಲಿಂದ ಇಳಿಬಿದ್ದ ಸೆರಗು ಗಾಳಿಗೆ ಮಗುಚಿದರೆ ಹಿಂಬದಿಯೂ ಚೆಂದ ಇರಬೇಕಲ್ಲ.

ಈ ಒಂದು ಅಂಶ ನನ್ನ ವಿನ್ಯಾಸದ ದಾರಿಯನ್ನೇ ಬದಲಿಸಿತು. ಇವತ್ತಿನ ಉಡುಪಿನಲ್ಲಿ ಬಟ್ಟೆಯ ಎರಡೂ ಮಗ್ಗುಲು ಕಾಣುವ ಜಾಗಗಳು ಯಾವುವು? ಮೇಲಕ್ಕೆ ಮಡಿಸಿಕೊಳ್ಳುವ ತೋಳು, ಗುಂಡಿ ಹಾಕದೆ ಬಿಟ್ಟ ಮೇಲಂಗಿಯ ಅಂಚು, ನಿಲುಗೊರಳಿನ ಪಟ್ಟಿ, ದುಪಟ್ಟಾ, ಕುರ್ತಾದ ಪಕ್ಕದ ಸೀಳು. ಗವಂತಿ, ಮುರ್ಗಿಗಳಿಗೆ ಹೇಳಿ ಮಾಡಿಸಿದ ತಾವುಗಳು ಇವು. ಎದೆಯ ಮೇಲೆ ದೊಡ್ಡ ಗೋಪುರ ಹಾಕಿ ಹಿಂದೆ ಲೈನಿಂಗ್ ಹಚ್ಚುವುದಕ್ಕಿಂತ ಮಡಿಸಿದ ತೋಳಿನಲ್ಲಿ ಎರಡು ಬೆರಳಗಲದ ಮುರ್ಗಿ ಸಾಲು ಬಂದರೆ ಬಟ್ಟೆಗೆ ಬರುವ ಲಕ್ಷಣವೇ ಬೇರೆ. ಇನ್ನು ನೇಯ್ಗಿಯ ಉದ್ದ ಎಳೆಗಳು ಹಿಂಬದಿಯಲ್ಲಿ ಬಳೆಗೆ, ಉಂಗುರಕ್ಕೆ ಸಿಕ್ಕಿಕೊಳ್ಳುತ್ತವೆ. ಅದಕ್ಕೆ ಒಳಬಟ್ಟೆ ಬೇಕು. ಮೆಂತಿ ದಾರ ಹೆಚ್ಚು ತಿನ್ನುತ್ತದೆ, ತೂಕ ಬರುತ್ತದೆ, ತೆಳು ಬಟ್ಟೆಯನ್ನು ಜಗ್ಗಿ ಸುಕ್ಕು ಮಾಡುತ್ತದೆ. ದಿನಬಳಕೆಯ ಅಂಗಿಯಲ್ಲಿ ಅದನ್ನು ಜೇಬಿನ ಮೇಲೆ ಒಂದು ಚಿಕ್ಕ ಗಿಳಿಯಷ್ಟಕ್ಕೆ ಇಟ್ಟುಕೊಂಡರೆ ಸಾಕು.

ಇನ್ನು ಬಟ್ಟೆ ಆರಿಸುವ ಮಾತು. ಎಳೆ ಎಣಿಸುವ ಕೆಲಸವಾದ್ದರಿಂದ ಎಣಿಸಲು ಬರುವ ಬಟ್ಟೆಯೇ ಬೇಕು. ಹಾಸಿನಲ್ಲಿ ಅಂಗುಲಕ್ಕೆ 40 ಎಳೆ, ಹೊಕ್ಕಿನಲ್ಲೂ 40 ಎಳೆ ಇರುವ ಕೈಮಗ್ಗದ ಹತ್ತಿ ಬಟ್ಟೆ ಎಂದುಕೊಳ್ಳಿ. ನಾಲ್ಕು ಎಳೆಗೆ ಒಂದು ಹೊಲಿಗೆಯಂತೆ ಅಂಗುಲಕ್ಕೆ 10 ಹೊಲಿಗೆ. 30 ಹೊಲಿಗೆ ಅಗಲದ ತೇರು ಸರಿಯಾಗಿ 3 ಅಂಗುಲ ಬರುತ್ತದೆ. ಹಾಸು 40 ಇದ್ದು ಹೊಕ್ಕು 32 ಇದ್ದರೆ ಅದೇ ತೇರು ಉದ್ದುದ್ದ ಎಳೆದುಕೊಳ್ಳುತ್ತದೆ, ಚೌಕವಾಗಬೇಕಾದ ತುಳಸಿಕಟ್ಟೆ ನೀಳವಾಗುತ್ತದೆ. ಅಂಗಡಿಯಲ್ಲಿ ಥಾನು ಬಿಚ್ಚಿಸಿದಾಗ ನಾನು ಬಣ್ಣಕ್ಕಿಂತ ಮೊದಲು ಭೂತಗನ್ನಡಿ ಹಿಡಿದು ಎಳೆ ಎಣಿಸುವುದು ಇದಕ್ಕೆ. ಕ್ರೇಪು, ಸ್ಯಾಟಿನ್‌ನಂಥ ನುಣುಪು ಬಟ್ಟೆಗಳ ಮೇಲೂ ಮಾಡಲೇಬೇಕೆಂದಾಗ ಕಸೂತಿಯವರು ಜಾಳುಜಾಳಾದ ಬಟ್ಟೆಯನ್ನು ಮೇಲೆ ಟಾಕಿ, ಅದರ ಕಣ್ಣುಗಳನ್ನು ಎಣಿಸಿ ಹೊಲಿದು, ಆಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಕೆಲಸ ಆಗುತ್ತದೆ, ಆದರೆ ನನಗೆ ಕೈಮಗ್ಗದ ಹತ್ತಿಯ ಮೇಲಿನ ಕೆಲಸವೇ ಇಷ್ಟ.

ಕಾರ್ಖಾನೆಯ ಪಾಠ ಪೂರಾ ತಲೆಕೆಳಗಾಗುವುದು ಅಳತೆಯ ಹತ್ತಿರ. ಮೀಡಿಯಂ ಅಂಗಿಯನ್ನು ಲಾರ್ಜ್ ಮಾಡುವಾಗ ಕಂಪ್ಯೂಟರಿನಲ್ಲಿ ಮುದ್ರಿತ ಚಿತ್ರವನ್ನೂ ಅಷ್ಟು ಹಿಗ್ಗಿಸಬಹುದು. ಎಳೆಯ ಲೆಕ್ಕದ ತೇರನ್ನು ಹಾಗೆ ಸ್ವಲ್ಪ ಸ್ವಲ್ಪ ಹಿಗ್ಗಿಸಲು ಬರುವುದಿಲ್ಲ. ನಾಲ್ಕು ಎಳೆಯ ಹೊಲಿಗೆ ಐದು ಎಳೆಯದಾದರೆ 3 ಅಂಗುಲದ ತೇರು ಒಮ್ಮೆಲೇ ಮುಕ್ಕಾಲು ಅಂಗುಲ ಬೆಳೆದುಬಿಡುತ್ತದೆ, ಅದರ ಮೊಗವೇ ಬದಲಾಗುತ್ತದೆ. ಹೀಗಾಗಿ ಸೈಜು ಏರಿದಾಗ ಚಿತ್ತಾರ ಅಷ್ಟೇ ಇರಬೇಕು, ಸಾಲಿನಲ್ಲಿ ಅದರ ಸಂಖ್ಯೆ ಹೆಚ್ಚಬೇಕು. ಎದೆಪಟ್ಟಿಯ ನಡುವೆ ಒಂದು ಚಿತ್ತಾರ ಸರಿಯಾಗಿ ಕೂರಬೇಕಾದರೆ ಆ ಸಂಖ್ಯೆ ಬೆಸವಾಗಿರಬೇಕು. ಇದನ್ನೆಲ್ಲ ಕತ್ತರಿ ಹಾಕುವ ಮುಂಚೆ ಲೆಕ್ಕ ಹಾಕಿಕೊಳ್ಳಬೇಕು. ಥಾನನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ, ಅದು ಕುಗ್ಗುವಷ್ಟು ಕುಗ್ಗಲಿ. ಕೆಂಪು ದಾರವಿದ್ದರೆ ಅದನ್ನೂ ತಣ್ಣೀರಿನಲ್ಲಿ ನೆನೆಸಿ ಬಣ್ಣ ಬಿಡುತ್ತದೆಯೇ ನೋಡಿ. ಬಟ್ಟೆ ಇಡಿಯಾಗಿರುವಾಗಲೇ ಅದರ ಮೇಲೆ ಅಂಗಿಯ ತೋಳು, ಎದೆ, ಕೊರಳು ಎಲ್ಲಿ ಬರುತ್ತವೆ ಎಂದು ದಾರದ ಕಚ್ಚಾಹೊಲಿಗೆಯಲ್ಲಿ ಗುರುತು ಮಾಡಿ. ಹೊಲಿಗೆಯೊಳಗೆ ಹೋಗುವ ಅರ್ಧ ಅಂಗುಲ, ಡಾರ್ಟ್ ಬರುವ ಜಾಗ, ಕಂಕುಳು ಇವನ್ನು ಬಿಟ್ಟು ಕಸೂತಿ ಹಾಕಿಸಿ. ಅದು ಮುಗಿದ ಮೇಲೆ ಕತ್ತರಿ. ನನ್ನ ಜೊತೆಗಿರುವ ಹುಡುಗಿಯರಿಗೆ ಮೊದಲು ಕಲಿಸುವ ಪಾಠ ಇದೇ. ಕತ್ತರಿಸಿದ ತುಂಡಿನ ಮೇಲೆ ಹೊಲಿಯಲು ಹೋದರೆ ಅಂಚು ಬಿಚ್ಚಿಕೊಳ್ಳುತ್ತದೆ, ಓರೆಯಾಗಿ ಕತ್ತರಿಸಿದ ಕಡೆ ಬಟ್ಟೆ ಜಗ್ಗಿ ಎಳೆಗಳ ಚೌಕ ಸೊಟ್ಟಗಾಗುತ್ತದೆ.

ಇನ್ನು ದಾರದ ಮಾತು. ಆರು ಎಳೆಯ ಆಂಕರ್ ದಾರದ ಲಡಿ ನಮ್ಮ ಎಲ್ಲರ ಮನೆಯಲ್ಲೂ ಇದ್ದದ್ದೇ. ಅದರಲ್ಲಿ ಎರಡೇ ಎಳೆ ಬಿಡಿಸಿಕೊಂಡರೆ ಅಂಗುಲಕ್ಕೆ ಹತ್ತರ ಹೊಲಿಗೆ ಅಚ್ಚುಕಟ್ಟಾಗಿ ಬರುತ್ತದೆ.

ಕಸೂತಿಯ ಜೊತೆಗೆ ನನ್ನನ್ನು ಸೆಳೆದ ಇನ್ನೊಂದು ಕೆಲಸ ಲಂಬಾಣಿಯರದು. ನಮ್ಮ ಸೀಮೆಯಲ್ಲೂ ತಾಂಡಗಳಿವೆ. ಆದರೆ ಫೇಟಿಯಾ ಲಂಗ, ಕಾಂಚಳಿ ರವಿಕೆ ತೊಟ್ಟ ಅಜ್ಜಿಯರು ಸಂತೆಯಲ್ಲಿ ಕಾಣುವುದು ಅಪರೂಪವಾಗಿದೆ. ಆ ಕೆಲಸವನ್ನು ಸಂಸ್ಥೆಯಾಗಿ ನಿಂತು ಉಳಿಸಿದ ಊರು ಬಳ್ಳಾರಿ ಜಿಲ್ಲೆಯ ಸಂಡೂರು. ಅಲ್ಲಿನ ಸಂಡೂರು ಕುಶಲ ಕಲಾ ಕೇಂದ್ರ 1980ರ ದಶಕದಿಂದ ತಾಂಡದ ಹೆಂಗಸರ ಜೊತೆ ದುಡಿಯುತ್ತ ಬಂದಿದೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಬಂತು. ಧಾರವಾಡದ ಕಸೂತಿಗೆ ಅದಕ್ಕೂ ಮೊದಲೇ ಆ ಮಾನ್ಯತೆ ಇತ್ತು. ಹಂಪಿಯಲ್ಲಿ 2023ರ ಜುಲೈನಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಸೇರಿ ಮಾಡಿದ 1,755 ಕಸೂತಿ ತುಣುಕುಗಳನ್ನು ಒಂದೆಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ವಿಜಯಪುರದಲ್ಲಿ ಮಲ್ಲಮ್ಮ ಯಾಳವಾರ ಅವರು 1986ರಲ್ಲಿ ಕಟ್ಟಿದ ಸಬಲಾ ಸಂಸ್ಥೆಯೂ ಲಂಬಾಣಿ ಮತ್ತು ಕಸೂತಿ ಎರಡನ್ನೂ ಇಂದಿನ ಉಡುಪಿಗೆ, ಚೀಲಗಳಿಗೆ ತಂದಿದೆ.

ಲಂಬಾಣಿ ಸೂಜಿಯ ಸ್ವಭಾವ ಕಸೂತಿಗಿಂತ ಬೇರೆ. ಕೀಲನ್, ವೇಲೆ, ಮಾಕಿ, ರೇಲೋ, ನಕ್ರಾ ಎಂದು ಹೊಲಿಗೆಗಳಿಗೆ ಅವರದೇ ಹೆಸರುಗಳಿವೆ. ಕನ್ನಡಿ, ಕವಡೆ, ನಾಣ್ಯ, ಬಟ್ಟೆಯ ಮೇಲೆ ಬಟ್ಟೆಯ ತೇಪೆ ಎಲ್ಲವೂ ಸೇರಿ ಬಟ್ಟೆ ದಪ್ಪವಾಗುತ್ತದೆ, ಗಟ್ಟಿಯಾಗುತ್ತದೆ. ಮೈಗೆ ಜೋಲಾಡುವ ಕುರ್ತಾದ ತುಂಬ ಅದನ್ನು ಹರಡಿದರೆ ಉಡುವವರಿಗೆ ಭಾರ, ಒಗೆಯುವವರಿಗೆ ಕಷ್ಟ. ಆ ದಪ್ಪವನ್ನೇ ಬಳಸಿಕೊಳ್ಳುವ ಜಾಗ ಹುಡುಕಬೇಕು: ಮೇಲಂಗಿಯ ಹೆಗಲು, ಸೊಂಟಪಟ್ಟಿ, ಬಿಚ್ಚಿ ತೆಗೆಯಬಹುದಾದ ಕೊರಳಪಟ್ಟಿ. ಗುಂಡಿಯಿಂದ ಬಿಚ್ಚಿಟ್ಟು ಅಂಗಿಯನ್ನಷ್ಟೇ ಒಗೆಯುವ ಹಾಗೆ ನಾನು ಕೊರಳಪಟ್ಟಿ ಮಾಡಿಸಿದ್ದೇನೆ. ಒಂದೇ ಪಟ್ಟಿ ಮೂರು ಅಂಗಿಗೆ ಆಗುತ್ತದೆ. ತಾಂಡದ ಹೆಂಗಸರಿಗೆ ಚಿತ್ರ ಬರೆದುಕೊಟ್ಟು ಹೀಗೆಯೇ ಹೊಲಿಯಿರಿ ಎನ್ನುವ ವಿನ್ಯಾಸಕಾರರೂ ಇದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ. ಬಣ್ಣವನ್ನು ಬಣ್ಣದ ಪಕ್ಕ ಇಡುವ ಅವರ ಧೈರ್ಯ ನನಗಿಲ್ಲ. ನಾನು ಅಳತೆ, ಜಾಗ, ಒಗೆತದ ವಿಚಾರ ಹೇಳುತ್ತೇನೆ. ಬಣ್ಣ, ಹೊಲಿಗೆ ಅವರದು.

ಜಗತ್ತಿನ ದೊಡ್ಡ ಫ್ಯಾಷನ್ ಮನೆಗಳಿಗೆ ಈ ಕೈಗಳ ಬೆಲೆ ಎಂದೋ ಗೊತ್ತಿದೆ. ಪ್ಯಾರಿಸ್ಸಿನ ಕಂಪನಿಗಳ ಎಷ್ಟೋ ಕಸೂತಿ ಮುಂಬಯಿಯ ಕಾರ್ಯಾಗಾರಗಳಲ್ಲಿ ಆಗುತ್ತ ಬಂದಿದೆ, ಹೆಸರು ಮಾತ್ರ ಹೊರಗೆ ಬರುತ್ತಿರಲಿಲ್ಲ. 2023ರ ಮಾರ್ಚ್ 30ರಂದು ಡಿಯೋರ್ ಕಂಪನಿ ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಮುಂದೆಯೇ ಪ್ರದರ್ಶನ ಇಟ್ಟು, ತನಗೆ ಕೆಲಸ ಮಾಡಿಕೊಡುವ ಚಾಣಕ್ಯ ಕಾರ್ಯಾಗಾರದ ಹೆಸರನ್ನು ಎತ್ತಿ ಹೇಳಿತು. ನನಗೆ ಅದಕ್ಕಿಂತ ಹತ್ತಿರದ ಮಾದರಿ ಕಛ್‌ನದು. 1969ರ ಬರಗಾಲದಲ್ಲಿ ಅಲ್ಲಿನ ಹಳ್ಳಿಗೆ ಹೋದ ಚಂದಾಬೆನ್ ಶ್ರಾಫ್ ಹೆಂಗಸರ ಸೂಜಿಕೆಲಸಕ್ಕೆ ಮಾರುಕಟ್ಟೆ ಹುಡುಕಿದರು, ಶ್ರುಜನ್ ಸಂಸ್ಥೆ ಹಾಗೆ ಹುಟ್ಟಿತು. ಬರ ಎಂದರೇನೆಂದು ನಮ್ಮ ಸೀಮೆಗೂ ಗೊತ್ತು. ನುಸಿಪೀಡೆ ಬಂದು ತೆಂಗಿನ ಕಾಯಿ ಸಣ್ಣದಾದ ವರ್ಷಗಳನ್ನು, ಕಾಂಡದಲ್ಲಿ ರಸ ಸೋರಿ ಮರ ಸೊರಗಿದ್ದನ್ನು, ಕೊಳವೆಬಾವಿ ಬತ್ತಿ ತೋಟದ ಸುಳಿ ಬಾಡಿದ್ದನ್ನು ಕಂಡವರು ನಾವು. ಕೊಬ್ಬರಿ ರೇಟು ಬಿದ್ದ ವರ್ಷ ಮಗಳ ಕಾಲೇಜು ಫೀಸಿಗೆ ಯಾರ ಮುಂದೆ ಕೈಯೊಡ್ಡುವುದು ಎಂಬ ಪ್ರಶ್ನೆ ಎಷ್ಟೋ ತಾಯಂದಿರದು. ತೋಟದ ಕೆಲಸ ಮುಗಿಸಿ, ಮಧ್ಯಾಹ್ನದ ಬೆಳಕಿನಲ್ಲಿ ಎರಡು ಗಂಟೆ ಸೂಜಿ ಹಿಡಿದು ಸಂಪಾದಿಸುವ ದುಡ್ಡು ಅವರ ಸ್ವಂತದ್ದು.

ಆ ದುಡ್ಡಿನ ಲೆಕ್ಕವನ್ನು ಬಿಚ್ಚಿ ಹೇಳುತ್ತೇನೆ, ಓದುಗರಿಗೆ ತಿಳಿಯಬೇಕು. ಎದೆಪಟ್ಟಿ, ಎರಡು ತೋಳಿನ ಪಟ್ಟಿಗೆ ಮುರ್ಗಿ ಹಾಕಲು 30 ಗಂಟೆ ಹಿಡಿಯಿತು ಎನ್ನಿ. ಗಂಟೆಗೆ 70 ರೂಪಾಯಿಯಂತೆ 2,100. ಎರಡೂವರೆ ಮೀಟರ್ ಕೈಮಗ್ಗದ ಬಟ್ಟೆಗೆ 750, ದಾರಕ್ಕೆ 100, ಕತ್ತರಿಸಿ ಹೊಲಿಯಲು 400. ನನ್ನ ಪಾಲು ಸೇರುವ ಮುಂಚೆಯೇ 3,350 ಆಯಿತು. ಪಕ್ಕದ ಅಂಗಡಿಯಲ್ಲಿ ಕಸೂತಿಯ ಚಿತ್ರವನ್ನೇ ಮುದ್ರಿಸಿದ ಕುರ್ತಾ 600ಕ್ಕೆ ಸಿಗುತ್ತದೆ. ಬೆಂಗಳೂರಿನ ಒಂದು ಬುಟೀಕ್‌ನವರು ನನ್ನ ಅಂಗಿಗಳನ್ನು ಮೆಚ್ಚಿದರು. ಆದರೆ ಹೊಲಿಯುವವರಿಗೆ ಪೀಸಿನ ಲೆಕ್ಕದಲ್ಲಿ ಕೊಡಿ, ಅರ್ಧಕ್ಕೆ ಇಳಿಯುತ್ತದೆ ಎಂದು ಸಲಹೆ ಕೊಟ್ಟರು. ಆ ವ್ಯವಹಾರವನ್ನು ನಾನು ಮುಂದುವರಿಸಲಿಲ್ಲ. ಪೀಸಿನ ಲೆಕ್ಕ ಬಂದ ಕೂಡಲೇ ನಾಲ್ಕು ಎಳೆಯ ಹೊಲಿಗೆ ಆರು ಎಳೆಯದಾಗುತ್ತದೆ, ದಾರದ ತುದಿಗೆ ಗಂಟು ಬೀಳುತ್ತದೆ, ಹಿಂಬದಿ ಕೆಡುತ್ತದೆ. ತಪ್ಪು ಹೊಲಿಯುವವರದಲ್ಲ, ಅವರ ಗಂಟೆಯನ್ನು ಎಣಿಸದವರದು. ನಮ್ಮ ತಿಪಟೂರಿನ ಉಂಡೆ ಕೊಬ್ಬರಿಯ ಹಾಗೆಯೇ ಇದು: ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತು ಒಳಗೇ ಒಣಗಿದ ಕಾಲಕ್ಕೆ ನಾವು ಬೆಲೆ ಕೇಳುತ್ತೇವೆ, ಸಿಗದಿದ್ದರೆ ಬೀದಿಗೆ ಇಳಿಯುತ್ತೇವೆ. ಸೂಜಿ ಹಿಡಿದು ಕೂತ ಹೆಣ್ಣುಮಗಳ ಕಾಲಕ್ಕೂ ಆ ನ್ಯಾಯ ಬೇಕು.

ಕೊಳ್ಳುವವರಿಗೆ ಕೈಕೆಲಸವನ್ನು ಗುರುತಿಸುವುದು ಕಷ್ಟವಲ್ಲ. ಬಟ್ಟೆಯನ್ನು ತಿರುಗಿಸಿ. ಯಂತ್ರದ ಕಸೂತಿಯಾದರೆ ಹಿಂದೆ ಬಾಬಿನ್ನಿನ ಬೇರೆ ದಾರ, ಸಾಮಾನ್ಯವಾಗಿ ಬಿಳಿಯದು, ಕಾಣುತ್ತದೆ; ಕಾಗದದಂಥ ಆಧಾರದ ತುಂಡು ಅಂಟಿಕೊಂಡಿರುತ್ತದೆ. ಗವಂತಿ, ಮುರ್ಗಿ ಎಂದು ಹೇಳಿ ಮಾರುತ್ತಿದ್ದರೆ ಹಿಂದೆಯೂ ಮುಂದಿನಷ್ಟೇ ಚೊಕ್ಕಟ ಚಿತ್ತಾರ ಇರಬೇಕು. ಲಂಬಾಣಿ ಕೆಲಸದಲ್ಲಿ ಕನ್ನಡಿಯ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿ. ದಾರದ ಚೌಕಟ್ಟು ಅದನ್ನು ಬಿಗಿಯಾಗಿ ಹಿಡಿದಿದೆಯೋ, ಬರೀ ಗೋಂದು ಹಿಡಿದಿದೆಯೋ ತಕ್ಷಣ ತಿಳಿಯುತ್ತದೆ. ಯಂತ್ರದ್ದನ್ನು ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ, ಎಲ್ಲರ ಕಿಸೆಯೂ ಒಂದೇ ಅಲ್ಲ. ಯಂತ್ರದ್ದಕ್ಕೆ ಕೈಕೆಲಸದ ಬೆಲೆ ತೆರಬೇಡಿ, ಅಷ್ಟೇ.

ಕೊನೆಗೆ ಸರ್ಕಾರಕ್ಕೆ ಒಂದು ಮಾತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯ ಮೂಲಕ ದೇಶದ ಸೂಜಿಕೆಲಸಕ್ಕೆಲ್ಲ ಮಾನ ತಂದುಕೊಟ್ಟರು. ಆ ಮಾನ ಇಂದಿನ ಯೋಜನೆಯಲ್ಲೂ ಕಾಣಬೇಕಿತ್ತು. 2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಅವುಗಳಲ್ಲಿ ದರ್ಜಿಯವರಿದ್ದಾರೆ, ನಮ್ಮ ಸೀಮೆಗೆ ಬೇಕಾದ ತೆಂಗಿನ ನಾರು ಹೆಣೆಯುವವರೂ ಇದ್ದಾರೆ. ಅವರಿಗೆ ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಜಾಮೀನಿಲ್ಲದೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಶೇಕಡ 5ರ ಬಡ್ಡಿಯ ಸಾಲ ಸಿಗುತ್ತದೆ. ಆ ಪಟ್ಟಿಯಲ್ಲಿ ಕಸೂತಿ ಎಂಬ ಹೆಸರಿಲ್ಲ. ಹೊಲಿಗೆ ಯಂತ್ರ ತುಳಿಯುವ ನನಗೆ ದರ್ಜಿಯೆಂದು ಸಾಲ ಸಿಗಬಹುದು. ನನ್ನ ಅಂಗಿಗೆ ಬೆಲೆ ತಂದುಕೊಡುವ, ಸೂಜಿಯೊಂದನ್ನೇ ಹಿಡಿದ ಹೆಂಗಸಿಗೆ ಅವಳ ಕಸುಬಿನ ಹೆಸರಿನಲ್ಲಿ ಸಿಗುವುದಿಲ್ಲ. ಹತ್ತೊಂಬತ್ತನೆಯ ಕಸುಬಾಗಿ ಕೈಕಸೂತಿಯನ್ನು ಆ ಪಟ್ಟಿಗೆ ಸೇರಿಸಬೇಕು. ನಮ್ಮ ಶಾಸಕರು, ಸಂಸದರು ಇದನ್ನು ಕೇಳಬೇಕು. ಅವರು ಕೇಳುವಂತೆ ನಾವು, ಈ ಬಟ್ಟೆ ಹೊಲಿಯುವವರೂ ಉಡುವವರೂ ಸೇರಿ, ಒತ್ತಾಯಿಸಬೇಕು.